ಹಗೇವಿನ ಕಲ್ಲಿನ ಮೇಲೆ ಕೂತವಳು

ಓನರಜ್ಜಿಯ ಅಂಗೈಯಲ್ಲಿ ಗೆರೆ ಇರಬೇಕಾದ ಜಾಗದಲ್ಲಿ ಗೆರೆ ಇರಲಿಲ್ಲ. ಎರಡೂ ಅಂಗೈಗೆ ಅಡ್ಡಲಾಗಿ ಬೆರಳಗಲದ ಒಂದೊಂದು ಪಟ್ಟಿ. ಅಲ್ಲಿನ ಚರ್ಮ ನುಣ್ಣಗೆ, ಬೆಳ್ಳಗೆ, ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತು. ಆ ಪಟ್ಟಿಗೆ ಬಿಸಿ ತಾಗುತ್ತಿರಲಿಲ್ಲವಂತೆ. ಒಲೆಯಿಂದ ಇಳಿಸಿದ ಹಿಟ್ಟನ್ನು ನಾವು ಹಾ ಹೂ ಅನ್ನುತ್ತಾ, ಮತ್ತೆ ಮತ್ತೆ ಕೈಗೆ ನೀರು ಮುಟ್ಟಿಸಿಕೊಳ್ಳುತ್ತಾ ಮುದ್ದೆ ಕಟ್ಟಿದರೆ, ಅವಳು ಸಾವಕಾಶವಾಗಿ ತಿರುಗಿಸಿ ತಿರುಗಿಸಿ ನುಣ್ಣಗೆ ಮಾಡಿ ತಟ್ಟೆಗೆ ಇಡುತ್ತಿದ್ದಳು.

ಒಂದು ಸಲ ಕೈ ನೋಡಿ ಶಾಸ್ತ್ರ ಹೇಳುವವನೊಬ್ಬ ಬಾಗಿಲಿಗೆ ಬಂದ. ‘ಕೈ ತೋರ್ಸಜ್ಜಿ’ ಅಂದ. ತೋರಿಸಿದಳು. ಅವನು ಬಲಗೈ ನೋಡಿದ, ಎಡಗೈ ನೋಡಿದ, ಮತ್ತೆ ಬಲಗೈ ನೋಡಿದ. ‘ಏನಜ್ಜಿ ಇದು, ಹಣೆಬರಹದ ಗೆರೇನೇ ಇಲ್ವಲ್ಲ!’ ಅಂದ. ‘ಸವೆಸಿಬುಟ್ಟೆ ಕಣಪ್ಪ. ಇನ್ನೇನಿದ್ರೂ ನಾನೇ ಕಣ್ಬುಟ್ಟು ನೋಡ್ಕಂಡು ನಡೀಬೇಕು’ ಅಂತ ಹೇಳಿ, ಒಂದು ಬೊಗಸೆ ರಾಗಿ ಹಾಕಿ ಕಳಿಸಿದಳು. ಅವನು ನಾಲ್ಕು ಸಲ ಹಿಂದಿರುಗಿ ನೋಡುತ್ತಾ ಹೋದ.

ಸರ್ಕಾರಿ ಶಾಲೆಯ ಟೀಚರಾಗಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಹೊಳವನಹಳ್ಳಿ ಕಡೆಯ ಒಂದು ಸಣ್ಣ ಊರಿನಲ್ಲಿ. ನನ್ನ ತವರು ಶಿರಾ ತಾಲ್ಲೂಕು, ಬರಗೂರಿನ ಹತ್ತಿರ. ಕೊರಟಗೆರೆ, ಮಧುಗಿರಿ, ಶಿರಾ ಅಂತ ಬಸ್ಸಿನ ಮೇಲೆ ಬಸ್ಸು ಹತ್ತಿ ದಿನಾ ಓಡಾಡುವುದು ಆಗದ ಮಾತು. ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದೆ. ಮನೆಯ ಓನರ್ ಒಬ್ಬ ಮುದುಕಿ. ಮಗ, ಸೊಸೆ ಮುಂದಿನ ಅಂಕಣದಲ್ಲಿ, ಅವಳು ನಡುಮನೆಯಲ್ಲಿ, ನಾನು ಹಿತ್ತಿಲ ಕಡೆಯ ಕೋಣೆಯಲ್ಲಿ. ಓನರೂ ಹೌದು, ಅಜ್ಜಿಯೂ ಹೌದು ಅಂತ ನಾನು ‘ಓನರಜ್ಜಿ’ ಅಂದೆ. ಊರಿನವರೂ ಹಾಗೇ ಕರೆಯತೊಡಗಿದರು. ಅವಳು ನನ್ನನ್ನು ‘ಮೇಡಮ್ಮ’ ಅನ್ನುತ್ತಿದ್ದಳು. ಆ ಮಾತಿನಲ್ಲಿ ಮರ್ಯಾದೆ ನಾಲ್ಕಾಣೆಯಾದರೆ ಚೇಷ್ಟೆ ಹನ್ನೆರಡಾಣೆ.

ಬಂದ ದಿನವೇ ಬೈಸಿಕೊಂಡೆ. ಅಂಗಳದಲ್ಲಿ ಒಂದು ದುಂಡನೆಯ ಚಪ್ಪಡಿ ಕಲ್ಲಿತ್ತು, ನೆಲದಿಂದ ಗೇಣೆತ್ತರ. ಲಗೇಜು ಇಳಿಸಿ ಸುಸ್ತಾಗಿ ಅದರ ಮೇಲೆ ಕೂತೆ. ‘ಏಳವ್ವ ಮೇಲಕ್ಕೆ! ಅದು ನನ್ ಜಾಗ’ ಅಂತ ನಡುಮನೆಯಿಂದ ಕೂಗು ಬಂತು. ನಾನು ಧಡಕ್ಕನೆ ಎದ್ದೆ. ಎಂಥ ಅಜ್ಜಿಯಪ್ಪಾ, ಅಷ್ಟಗಲದ ಅಂಗಳದಲ್ಲಿ ಒಂದು ಕಲ್ಲಿಗೆ ಇಷ್ಟು ಜಂಭವೇ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ನೋಡಿದರೆ, ಅದರ ಮೇಲೆ ಮೊಮ್ಮಕ್ಕಳನ್ನೂ ಕೂರಲು ಬಿಡುತ್ತಿರಲಿಲ್ಲ. ಅವರೆಕಾಯಿ ಸುಲಿಯುವುದು, ಹುಣಸೆಹಣ್ಣು ಬಿಡಿಸುವುದು, ಎಲೆ ಅಡಿಕೆ ಹಾಕುವುದು, ಪಕ್ಕದ ಮನೆಯ ಕೋಳಿಗಳಿಗೆ ಬೈಯುವುದು, ಎಲ್ಲ ಅದರ ಮೇಲೆ ಕೂತೇ. ಚೌಕಾಬಾರ ಆಡುವಾಗಲೂ ಅವಳು ಕಲ್ಲಿನ ಮೇಲೆ, ನಾನು ನೆಲದ ಮೇಲೆ. ಆಟದಲ್ಲಿ ಮೋಸ ಮಾಡುತ್ತಿದ್ದಳು. ನಾಲ್ಕು ಬಿದ್ದರೆ ಕವಡೆ ಬಾಚಿಕೊಂಡು ‘ಎಂಟು’ ಅನ್ನುತ್ತಿದ್ದಳು. ಕೇಳಿದರೆ ‘ಟೀಚರ್ ಆಗಿ ಲೆಕ್ಕ ಬರಾಕಿಲ್ವಲ್ಲೇ ನಿಂಗೆ’ ಅಂತ ನನಗೇ ದಬಾಯಿಸುತ್ತಿದ್ದಳು.

ಆ ಕಲ್ಲಿನ ಕೆಳಗೆ ಹಗೇವು ಇತ್ತು. ಈಗಿನವರಿಗೆ ಗೊತ್ತಿರಲಾರದು. ಹಗೇವು ಅಂದರೆ ನೆಲದೊಳಗಿನ ಕಣಜ. ಆಳುದ್ದಕ್ಕೂ ಮಿಗಿಲಾಗಿ ತೋಡಿದ ಗುಂಡಿ. ಬಾಯಿ ಒಬ್ಬ ಇಳಿಯುವಷ್ಟೇ, ಹೊಟ್ಟೆ ಮಾತ್ರ ಅಗಲ. ರಾಗಿ ತುಂಬಿ, ಹುಲ್ಲು ಮುಚ್ಚಿ, ಕಲ್ಲೆಳೆದು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಆದರೆ ಮುಚ್ಚಿಟ್ಟ ಹಗೇವಿನೊಳಗೆ ಉಸಿರು ಕಟ್ಟಿಸುವ ಗಾಳಿ ಕೂತಿರುತ್ತದೆ. ಅದಕ್ಕೊಂದು ಪದ್ಧತಿ. ಇವತ್ತು ಬಾಯಿ ತೆಗೆದು ನಾಳೆಯವರೆಗೆ ಬಿಡಬೇಕು. ನಾಳೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಉರಿಯುತ್ತಿದ್ದರೆ ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರು ಇಳಿಯಬೇಕು. ಊರಿನಲ್ಲಿ ಹಗೇವುಗಳೆಲ್ಲ ಮುಚ್ಚಿಹೋಗಿದ್ದರೂ ಓನರಜ್ಜಿಯ ಬಾಯಲ್ಲಿ ಆ ಪದ್ಧತಿ ಉಳಿದಿತ್ತು. ಯಾರು ಏನೇ ಮಾಡಲು ಹೊರಡಲಿ, ‘ದೀಪ ಇಳಿಸಿದ್ರಾ?’ ಅನ್ನುವುದೇ ಅವಳ ಮೊದಲ ಪ್ರಶ್ನೆ. ಮಗ ಹೊಸ ಟ್ರ್ಯಾಕ್ಟರ್ ನೋಡಿ ಬಂದಾಗಲೂ ಅದೇ, ಸೊಸೆ ಹೊಸ ಸೀರೆಯನ್ನು ನೀರಿಗೆ ಹಾಕುವಾಗಲೂ ಅದೇ. ಸೀರೆಯ ಸೆರಗಿನ ತುದಿ ಮಾತ್ರ ಮೊದಲು ನೆನೆಸಿ ನೋಡು, ಬಣ್ಣ ಬಿಡುತ್ತದೋ ಇಲ್ಲವೋ ಅಂತ.

ಹಾಗಂತ ಅವಳದು ಯಾವಾಗಲೂ ಗೆದ್ದ ಲೆಕ್ಕವೇನಲ್ಲ. ಒಂದು ಹಸು ಕೊಳ್ಳುವ ಮುಂಚೆ ಮೂರು ದಿನ ಅದರ ಮುಂದೆ ಕೂತು, ಹುಲ್ಲು ಹಾಕಿ, ಮೈದಡವಿ, ಹಾಲು ಕರೆದು ನೋಡಿ ಹೊಡೆದುಕೊಂಡು ಬಂದಳು. ಮನೆಗೆ ಬಂದ ಮಾರನೇ ದಿನವೇ ಅದು ಅವಳ ಮೊಣಕಾಲಿಗೆ ಒದೆಯಿತು. ‘ಏನಜ್ಜಿ, ನಿನ್ ದೀಪ ಕೈ ಕೊಡ್ತಲ್ಲ?’ ಅಂತ ನಾನು ರೇಗಿಸಿದೆ. ‘ದೀಪ ಉರೀತು ಕಣವ್ವ, ಹಸ ಒದೀತು. ನೋಡಿ ಇಳಿದ್ರೆ ಕಾಲು ಮುರೀಬೌದು, ಪ್ರಾಣ ಹೋಗಾಕಿಲ್ಲ’ ಅಂತ ಕುಂಟುತ್ತಲೇ ನಕ್ಕಳು.

ನನ್ನದು ಇದಕ್ಕೆ ತದ್ವಿರುದ್ಧ. ಮೂಗಿನ ತುದಿಯಲ್ಲಿ ಕೋಪ, ಕಾಲಿಗೆ ಚಕ್ರ, ಬಾಯಿ ಮೊದಲು, ಬುದ್ಧಿ ಆಮೇಲೆ. ಶನಿವಾರ ಶಾಲೆ ಬಿಟ್ಟರೆ ಸಾಕು, ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಕೊರಟಗೆರೆ ಬಸ್ಸಿಗೆ ಓಡುತ್ತಿದ್ದೆ. ‘ನಿಧಾನ ಹೋಗೇ, ಬಸ್ಸು ಇನ್ನೊಂದು ಬತ್ತದೆ, ಕಾಲು ಇನ್ನೊಂದು ಬರಾಕಿಲ್ಲ’ ಅಂತ ಹಿಂದಿನಿಂದ ಅಜ್ಜಿಯ ಕೂಗು. ಸುಳ್ಳೇಕೆ ಹೇಳಲಿ, ಆಗ ಅವಳ ನಿಧಾನ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅಂಥ ನಾನು ಇಪ್ಪತ್ತೆಂಟಕ್ಕೆ ಬಂದೆ. ಊರಲ್ಲಿ ಅಪ್ಪನಿಗೆ ನಿದ್ದೆ ಹಾರಿಹೋಯಿತು. ಕೊನೆಗೆ ಮಧುಗಿರಿಯ ಒಂದು ಸಂಬಂಧ ಕುದುರಿತು. ಹುಡುಗ ಸರ್ಕಾರಿ ನೌಕರ, ಸ್ವಂತ ಮನೆ, ಒಳ್ಳೆ ಮೈಕಟ್ಟು. ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಯಲ್ಲಿ ನೋಡುವ ಶಾಸ್ತ್ರ ಆಯಿತು. ಅವರಿಗೆ ನಾನು ಒಪ್ಪಿಗೆ. ಮುಂದಿನ ವಾರದ ಶುಕ್ರವಾರವೇ ಅದೇ ಗುಡಿಯಲ್ಲಿ ನಿಶ್ಚಿತಾರ್ಥ ಮುಗಿಸೋಣ ಅಂದರು. ನಡುವೆ ಇದ್ದದ್ದು ಒಂಬತ್ತು ದಿನ. ಅಪ್ಪ ಫೋನಿನಲ್ಲಿ ‘ಇಂಥ ಸಂಬಂಧ ಬಿಟ್ರೆ ಮತ್ತೆ ಸಿಗಲ್ಲ ಮಗಳೇ, ಹೂಂ ಅಂದ್ಬಿಡು’ ಅಂದರು. ನಾನು ಹೂಂ ಅಂದುಬಿಟ್ಟೆ. ಮನಸ್ಸಿಗೆ ಬಂದು ಅಂದದ್ದಲ್ಲ; ಎಲ್ಲರೂ ಕಾಯುತ್ತಿದ್ದಾರಲ್ಲ ಅಂತ.

ಆ ಸಂಜೆ ಅಜ್ಜಿ ಕಲ್ಲಿನ ಮೇಲೆ ಕೂತು ಹುಣಸೆಹಣ್ಣಿನ ನಾರು ತೆಗೆಯುತ್ತಿದ್ದಳು. ಸಿಹಿ ಸುದ್ದಿ ಅಂತ ಬೆಲ್ಲ ಹಿಡಿದುಕೊಂಡು ಹೋದೆ. ಬೆಲ್ಲ ಬಾಯಿಗೆ ಹಾಕಿಕೊಂಡು ‘ಹುಡ್ಗ ಹೆಂಗವ್ನೆ?’ ಅಂದಳು.

‘ಚೆನ್ನಾಗವ್ನಜ್ಜಿ.’

‘ಚೆನ್ನಾಗಿರೋದು ಕಾಣ್ತದೆ ಬುಡು. ಒಳಗೆ ಹೆಂಗವ್ನೆ? ದೀಪ ಇಳಿಸಿದ್ಯಾ?’

ನನಗೆ ಎಲ್ಲಿತ್ತೋ ಸಿಟ್ಟು. ‘ಅಜ್ಜಿ, ಇದು ಹಸ ಕೊಳ್ಳೋ ವ್ಯಾಪಾರ ಅಲ್ಲ. ಅಲ್ಲಿ ಎಲ್ರೂ ಕಾಯ್ತಾವ್ರೆ. ನಿನ್ ಥರ ಕಲ್ಲಿನ ಮೇಲೆ ಕುಂತಿರೋಕೆ ನಂಗೆ ಟೈಮಿಲ್ಲ’ ಅಂದುಬಿಟ್ಟೆ.

ಅವಳು ಹುಣಸೆಹಣ್ಣು ಪಕ್ಕಕ್ಕಿಟ್ಟಳು. ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ‘ಇದು ಏನು ಅಂತ ಇಷ್ಟು ದಿನ ಕೇಳ್ಲಿಲ್ವಲ್ಲ, ಇವತ್ತು ಹೇಳ್ತೀನಿ ಕುಂತ್ಕ’ ಅಂದಳು. ಅವಳು ಆ ಕತೆ ಹೇಳಿದ್ದು ಅದೊಂದೇ ಸಲ.

ಅವಳು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತಂತೆ. ಒಂದು ಮಧ್ಯಾಹ್ನ ನಾದಿನಿಯನ್ನು ನೋಡಲು ಪಾವಗಡದ ಕಡೆಯಿಂದ ನೆಂಟರು ಹೇಳದೆ ಕೇಳದೆ ಬಂದಿಳಿದರು. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಪಕ್ಕದ ಮನೆಯಲ್ಲಿ ಒಂದು ಮೊರ ಹಿಟ್ಟು ಕೇಳಿದ್ದರೆ ಕೊಡುತ್ತಿದ್ದರು. ಆದರೆ ಹೆಣ್ಣು ಕೊಡುವ ಮನೆಯಲ್ಲಿ ಹಿಟ್ಟಿಲ್ಲ ಅಂತ ನೆಂಟರ ಕಿವಿಗೆ ಬಿದ್ದರೆ? ರಾಗಿ ತೆಗೆದು, ಬೀಸಿ, ಮುದ್ದೆ ಮಾಡಲು ಹೊತ್ತು ಬೇಕು. ಇವಳು ಮೈದುನನನ್ನು ಕರೆದು ಹಗೇವು ತೆಗೆಸಿದಳು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ, ತುದಿ ಇವಳ ಕೈಗೆ ಕೊಟ್ಟ.

‘ಅವ್ನು ಕೇಳ್ದ ಕಣವ್ವ’ ಅಂದಳು ಅಜ್ಜಿ. ‘ಅತ್ಗೆ, ದೀಪ ಇಳಿಸ್ಲಾ ಅಂತ ಕೇಳ್ದ. ನಾನೇ, ದೀಪ ಹಚ್ಕಂಡು ಕುಂತ್ರೆ ನೆಂಟರು ಎದ್ದೋಯ್ತಾರೆ, ಇಳಿಯೋ ಬಿರ್ನೆ ಅಂದೆ.’

ಅವನು ಇಳಿದ. ಎರಡು ಉಸಿರು ಎಳೆಯುವಷ್ಟರಲ್ಲಿ ಕುಸಿದ. ಹಗ್ಗ ಸರ್ರನೆ ಇವಳ ಕೈಯಲ್ಲಿ ಜಾರಿತು. ಬಿಡಲಿಲ್ಲ, ಹಿಡಿದಳು, ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಹೋಯಿತು. ಕೂಗು ಕೇಳಿ ಗಂಡ ಓಡಿ ಬಂದ. ತಮ್ಮ ಅಂತ ಚೀರುತ್ತಾ ಹಗೇವಿಗೆ ಹಾರಲು ಹೋದ. ಇವಳು ಹಗೇವಿನ ಬಾಯಿಗೆ ಅಡ್ಡಡ್ಡ ಕೂತುಬಿಟ್ಟಳು. ‘ಇಳಿಯೋದಾದ್ರೆ ನನ್ನ ಕೊಂದು ಇಳಿ, ಹಗ್ಗ ಎಳೆಯೋಕೆ ಜನ ಕರಿ’ ಅಂದಳು. ಅವನು ಬೈದ, ಹೊಡೆದ. ಏಳಲಿಲ್ಲ. ಜನ ಸೇರಿ ಹಗ್ಗ ಎಳೆದರು. ಮೈದುನ ಮೇಲೆ ಬಂದ, ಉಸಿರು ಬರಲಿಲ್ಲ.

‘ಅವತ್ತು ಒಂದು ತಪ್ಪು ಮಾಡ್ದೆ, ಒಂದು ಸರಿ ಮಾಡ್ದೆ. ಎಲ್ರೂ ಕಾಯ್ತಾವ್ರೆ ಅಂತ ಮಾಡಿದ್ದು ತಪ್ಪು. ಎಲ್ರೂ ಬೈದ್ರೂ ಕಣ್ಬುಟ್ಟು ನೋಡಿ ಮಾಡಿದ್ದು ಸರಿ. ಅವತ್ತು ಇದರ ಬಾಯಿ ಮೇಲೆ ಕುಂತೋಳು, ಇನ್ನೂ ಎದ್ದಿಲ್ಲ ನೋಡು.’

ಅಷ್ಟು ದಿನ ನಾನು ಜಂಭ ಅಂದುಕೊಂಡಿದ್ದು ಏನು ಅಂತ ತಿಳಿದು ನಾಚಿಕೆಯಾಯಿತು. ಅತ್ತುಬಿಟ್ಟೆ. ಅವಳು ನನ್ನ ತಲೆ ಸವರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹುಣಸೆಹಣ್ಣು ಮತ್ತೆ ಎಳೆದುಕೊಂಡಳು.

ಕಣ್ಣೊರೆಸಿಕೊಂಡು ನಾನೇ ಕೇಳಿದೆ, ‘ಮನುಷ್ಯರಿಗೆ ಹೆಂಗಜ್ಜಿ ದೀಪ ಇಳಿಸೋದು?’

‘ಸಣ್ಣದೊಂದಕ್ಕೆ ಆಗಾಕಿಲ್ಲ ಅನ್ನು’ ಅಂದಳು. ‘ದೊಡ್ಡದಕ್ಕಲ್ಲ, ಸಣ್ಣದಕ್ಕೆ. ಹೂಂ ಅಂದ್ರೆ ಎಲ್ರೂ ಬೆಳ್ಳಗೆ ಉರೀತಾರೆ. ಆಗಾಕಿಲ್ಲ ಅಂದಾಗ ಹೆಂಗೆ ಉರೀತಾನೆ ನೋಡ್ಕ.’

ಮಾರನೇ ದಿನ ಹುಡುಗ ಫೋನ್ ಮಾಡಿದ. ಶುಕ್ರವಾರ ಶಾಲೆಗೆ ಇನ್ಸ್‌ಪೆಕ್ಷನ್ ಇರುವುದು ನಿಜವೇ ಆಗಿತ್ತು. ನಿಶ್ಚಿತಾರ್ಥ ಭಾನುವಾರ ಇಟ್ಟುಕೊಂಡರೆ ಆಗುತ್ತದಾ ಅಂತ ಕೇಳಿದೆ. ‘ನಮ್ಮಮ್ಮ ಹೇಳಿದ ಮೇಲೆ ಮುಗೀತು. ರಜಾ ಹಾಕಿ. ಹೇಗಿದ್ರೂ ಮದುವೆ ಆದ ಮೇಲೆ ಆ ಸ್ಕೂಲಿನ ಗೋಜು ಇರಲ್ಲವಲ್ಲ’ ಅಂದ. ನನ್ನ ಕೆಲಸ ಬಿಡಿಸುವ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಓಡಿ ಬಂದು ಅಜ್ಜಿಗೆ ಹೇಳಿ, ‘ಈಗ್ಲೇ ಬೇಡ ಅಂತ ಹೇಳ್ಬುಡ್ತೀನಿ’ ಅಂದೆ.

‘ತಡಿಯೇ’ ಅಂದಳು. ‘ಒಂದ್ಸಲ ಆರಿದ್ರೆ ಹೊರಗಿನ ಗಾಳಿಗೂ ಆರಿರಬೌದು. ಅವ್ನಿಗೂ ಏನು ತಲೆನೋವಿತ್ತೋ ಕಾಣೆ. ಇನ್ನೊಂದ್ಸಲ ಇಳಿಸು.’

ಎರಡು ದಿನ ಬಿಟ್ಟು ಅವನ ಅಕ್ಕ ಆರಿಸಿದ ಸೀರೆಯ ಫೋಟೋ ಕಳಿಸಿದ. ಈ ಬಣ್ಣ ನನಗೆ ಒಪ್ಪುವುದಿಲ್ಲ, ಬೇರೆ ನೋಡಬಹುದಾ ಅಂದೆ. ಅಷ್ಟೇ! ‘ಈಗಲೇ ಎಲ್ಲದಕ್ಕೂ ಎದುರಾಡಿದರೆ ನಾಳೆ ನಮ್ಮ ಮನೆಯಲ್ಲಿ ಬಾಳ್ತೀರಾ? ಮೇಷ್ಟ್ರುಗಿರಿ ಮಕ್ಕಳ ಹತ್ತಿರ ಇಟ್ಕೊಳ್ಳಿ’ ಅಂದು ಫೋನ್ ಕುಕ್ಕಿದ. ಈ ಸಲ ಯಾರನ್ನೂ ಕೇಳಲು ಹೋಗಲಿಲ್ಲ. ಅಪ್ಪನಿಗೆ ಫೋನ್ ಮಾಡಿ, ಅಜ್ಜಿಯ ದೀಪದ ಮಾತನ್ನೂ ಹೇಳಿ, ಈ ಮದುವೆ ನನಗೆ ಬೇಡ ಅಂದೆ. ಜೀವನದಲ್ಲಿ ಕೂಗಾಡದೆ ನಾನು ಹೇಳಿದ ಮೊದಲ ‘ಬೇಡ’ ಅದು.

ಮಾರನೇ ದಿನವೇ ಅಪ್ಪ ಸಿಕ್ಕಿದ ಬಸ್ಸು ಹತ್ತಿ ಬಂದರು. ಅಂಗಳದಲ್ಲಿ ನಿಂತು ಕಲ್ಲಿನ ಮೇಲಿದ್ದ ಅಜ್ಜಿಯ ಮೇಲೆ ಹರಿಹಾಯ್ದರು. ‘ನೀನ್ಯಾರಜ್ಜಿ ನನ್ನ ಮಗಳಿಗೆ ಬುದ್ಧಿ ಹೇಳೋಕೆ? ಮುದುಕಿ ಅಂತ ಮರ್ಯಾದೆ ಕೊಟ್ಟರೆ ಮನೆ ಹಾಳು ಮಾಡ್ತೀಯಾ?’

‘ನಾನು ಬುದ್ಧಿ ಹೇಳಿಲ್ಲ ಕಣಪ್ಪ. ಅವ್ಳು ಇಳಿಯೋಕೆ ಹೊಂಟಿದ್ಲು, ನಾನು ಹಗ್ಗ ಹಿಡ್ಕಂಡಿದ್ದೆ ಅಷ್ಟೇಯ’ ಅಂದಳು. ‘ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡ್ಕಂಡು ಬೈಯಿ.’

ಅಪ್ಪ ಮಜ್ಜಿಗೆಯನ್ನೂ ಮುಟ್ಟದೆ ಹೋದರು. ಎಂಟು ತಿಂಗಳು ನನ್ನೊಡನೆ ಮಾತು ಬಿಟ್ಟರು. ಆ ಎಂಟು ತಿಂಗಳಲ್ಲಿ ಎಷ್ಟೋ ಸಲ ಅನ್ನಿಸಿತು, ಒಪ್ಪಿಕೊಂಡಿದ್ದರೇ ಆಗುತ್ತಿತ್ತೇನೋ ಅಂತ. ಅಜ್ಜಿಗೂ ಹೇಳಿದೆ. ‘ಅನ್ನಿಸ್ತದೆ. ನಂಗೂ ನನ್ ಗಂಡ ಎರಡು ವರ್ಷ ಮುಖ ಕೊಟ್ಟು ಮಾತಾಡ್ಲಿಲ್ಲ. ಆದ್ರೆ ಬದುಕಿದ್ದ ನೋಡು, ಅದಕ್ಕೇ ಸಿಟ್ಟು ಮಾಡ್ಕಳ್ಳೋಕೂ ಆಯ್ತು, ಆಮೇಲೆ ಆ ಸಿಟ್ಟು ಇಳಿಯೋಕೂ ಆಯ್ತು’ ಅಂದಳು.

ಮುಂದಿನ ವರ್ಷ ಪಾವಗಡದ ಕಡೆಯ ಒಬ್ಬರ ಮಾತು ಬಂತು. ಮಧುಗಿರಿ ಕಡೆಯ ಪಶು ಆಸ್ಪತ್ರೆಯಲ್ಲಿ ಕೆಲಸ, ಮಾತಿನ ನಡುವೆ ತೆಲುಗು. ನಾನು ಈಗ ಪಳಗಿದ್ದೆ. ‘ಭಾನುವಾರ ನೀವು ಹೇಳಿದ ಜಾಗಕ್ಕೆ ಬರೋಕಾಗಲ್ಲ’ ಅಂದೆ. ‘ಸರೇ ಬಿಡಿ, ಪರ್ವಾಗಿಲ್ಲ. ನಾನೇ ನಿಮ್ಮೂರಿಗೆ ಬರ್ತೀನಿ, ಹೆಂಗೂ ಆ ಕಡೆ ಕುರಿಗೆ ಇಂಜೆಕ್ಷನ್ ಕೊಡೋದಿದೆ’ ಅಂದರು. ಇನ್ನೊಂದು ಸಲ ಇನ್ನೇನಕ್ಕೋ ಆಗಲ್ಲ ಅಂದೆ. ಮೂರನೇ ಸಲ ಅವರೇ ನಕ್ಕು, ‘ಏನ್ ಮೇಡಂ, ಕ್ಲಾಸ್ ಟೆಸ್ಟಾ ಇದು? ಎಷ್ಟು ಮಾರ್ಕ್ಸ್ ಬಂತು ಹೇಳಿಬಿಡಿ’ ಅಂದರು. ದೀಪ ಅಲುಗಾಡಲೇ ಇಲ್ಲ.

ಆದರೂ ನಾನು ಹೂಂ ಅನ್ನಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಇನ್ನೂ ನೋಡೋಣ, ಇನ್ನೊಂದು ಸಲ ನೋಡೋಣ ಅಂತಲೇ ಇದ್ದೆ. ಅಜ್ಜಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಒಂದು ದಿನ ಎಲೆ ಅಡಿಕೆ ಉಗಿದು ಚೆನ್ನಾಗಿ ಬೈದಳು.

‘ಏನೇ ಅದು, ದಿನಾ ಲಾಟೀನು ಇಳಿಸ್ಕಂಡು ಕುಂತಿದ್ದೀಯ? ದೀಪ ಉರೀತಾ ಇದ್ರೂ ಇಳೀದೆ ಕುಂತ್ರೆ ರಾಗಿ ತಾನೇ ಎದ್ದು ಮೇಲಕ್ಕೆ ಬತ್ತದಾ? ನಾನು ತಡಿ ಅಂದಿದ್ದು ಹೆದರ್ಕ ಅಂತ ಅಲ್ಲ. ಹೆದರ್ದೇ ಇಳೀಲಿ ಅಂತ.’

ಅವಳ ಬದುಕಿನ ಸಾರವೆಲ್ಲ ನನಗೆ ಸಿಕ್ಕಿದ್ದು ಆ ಬೈಗುಳದಲ್ಲಿ. ಅವಳದು ನಿಧಾನವಾಗಿತ್ತು ನಿಜ, ಹಿಂಜರಿಕೆ ಆಗಿರಲಿಲ್ಲ. ಅವತ್ತು ಸಂಜೆಯೇ ಫೋನ್ ಮಾಡಿ ಹೂಂ ಅಂದೆ. ಸುದ್ದಿ ಕೇಳಿ ಅಪ್ಪ ಮಾತು ಬಿಟ್ಟದ್ದನ್ನು ಮರೆತು ಬಂದರು. ನೇರ ಅಜ್ಜಿಯ ಮುಂದೆ ಹೋಗಿ, ಆ ಕಡೆ ಈ ಕಡೆ ನೋಡಿ, ‘ಅಜ್ಜಿ, ಹುಡುಗನ್ನ ನೀನೂ ಒಂದ್ಸಲ ಮಾತಾಡಿಸಿ ನೋಡು’ ಅಂದರು. ‘ಮೊದ್ಲು ಹಳೇ ಮಜ್ಜಿಗೆ ಬಾಕಿ ಐತೆ, ಕುಡಿ’ ಅಂದಳು.

ಮದುವೆಯಾಗಿ ನಾನು ಮಧುಗಿರಿ ಕಡೆಯ ಶಾಲೆಗೆ ವರ್ಗ ಮಾಡಿಸಿಕೊಂಡೆ. ಆಮೇಲೆ ಫೋನಿನಲ್ಲಿ ಅಜ್ಜಿಯದು ಒಂದೇ ಮಾತು: ‘ದೀಪ ಹೆಂಗೈತೆ?’ ಜಗಳವಾಡಿದ ದಿನ ‘ಹೊಗೆ ಬತ್ತಾ ಐತಜ್ಜಿ’ ಅನ್ನುತ್ತಿದ್ದೆ. ‘ಬತ್ತಿ ಸರಿ ಮಾಡ್ಕ’ ಅಂತ ನಗುತ್ತಿದ್ದಳು. ಮಗಳು ಹುಟ್ಟಿದಾಗ ‘ಎರಡು ದೀಪ ಆಯ್ತಜ್ಜಿ’ ಅಂದೆ.

ಹೋದ ವರ್ಷ ಅವಳು ಮಲಗಿದಳು. ಒಂದು ಭಾನುವಾರ ಬೆಳಿಗ್ಗೆ ನೋಡಲು ಹೋದೆ. ಜಗಲಿಯ ಮೇಲೆ ಮಂಚ ಹಾಕಿದ್ದರು. ಮೈ ಸಣ್ಣಗಾಗಿ, ಅಂಗೈ ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಹತ್ತು ಗಂಟೆಯ ಬಸ್ಸು ಹಿಡಿದು ಹೊರಡಬೇಕು ಅಂತ ಮನೆಯಲ್ಲಿ ಹೇಳಿ ಬಂದಿದ್ದೆ. ಹಳೇ ಚಾಳಿ, ಗಡಿಯಾರ ನೋಡುತ್ತಲೇ ಇದ್ದೆ. ಏಳುವ ಮುಂಚೆ ಅವಳ ಕೈ ಹಿಡಿದು, ‘ಅಜ್ಜಿ, ನಿನ್ ದೀಪ ಹೆಂಗೈತೆ?’ ಅಂದೆ.

ಕಣ್ಣು ತೆರೆದಳು. ‘ಸಣ್ಣಗೈತೆ ಕಣವ್ವ. ಆದ್ರೂ ಉರೀತೈತೆ.’

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕೈ ಬಿಡಿಸಿಕೊಳ್ಳಲು ಹೋದವಳು ನಿಂತೆ. ಅವಳ ಮುಖ ನೋಡಿದೆ, ಉಸಿರು ನೋಡಿದೆ. ಮತ್ತೆ ಮಂಚದ ಅಂಚಿಗೆ ಕೂತೆ. ಬಸ್ಸು ಹೋಯಿತು. ಹನ್ನೆರಡರದೂ ಹೋಯಿತು. ಸೊಸೆ ಗಂಜಿ ತಂದಳು, ಅಜ್ಜಿ ಎರಡು ಚಮಚ ಕುಡಿದಳು. ಮಧ್ಯಾಹ್ನದ ಬಸ್ಸಿನ ಸದ್ದಿಗೆ ಅವಳೇ ಕೇಳಿದಳು, ‘ನಿನ್ ಬಸ್ಸು ಹೋಯ್ತೇನೇ?’

‘ಹೋಗ್ಲಿ ಬುಡಜ್ಜಿ, ಇನ್ನೊಂದು ಬತ್ತದೆ.’

ಅವಳ ತುಟಿ ಅಲುಗಾಡಿತು. ‘ಕಲ್ತ್ಕಂಡೆ ಬುಡು’ ಅಂದಳು.

ಅದೇ ಅವಳು ಆಡಿದ ಕೊನೆಯ ಮಾತು. ಬಿಸಿಲು ಇಳಿಯುವ ಮುಂಚೆಯೇ ಅವಳ ಉಸಿರು ನಿಂತಿತು. ನನ್ನ ಕೈಯಲ್ಲಿ ಅವಳ ಅಂಗೈ ಇತ್ತು, ನುಣುಪಾದ ಆ ಪಟ್ಟಿ ನನ್ನ ಬೆರಳಿಗೆ ತಾಗುತ್ತಿತ್ತು. ಹತ್ತು ಗಂಟೆಯ ಬಸ್ಸು ಹತ್ತಿದ್ದರೆ ನನಗೆ ಫೋನ್ ಬಂದಿರುತ್ತಿತ್ತು, ಅಷ್ಟೇ.

ಊರು ನೆರೆಯಿತು. ಜನ ಅಂಗಳದ ತುಂಬ ಕೂತರು. ಗೋಡೆಗೊರಗಿ, ಹುಲ್ಲಿನ ಪಿಂಡಿಯ ಮೇಲೆ, ಬರೀ ನೆಲದ ಮೇಲೆ. ಹಗೇವಿನ ಕಲ್ಲು ಮಾತ್ರ ಖಾಲಿ ಇತ್ತು. ಅಷ್ಟು ಜನರಲ್ಲಿ ಒಬ್ಬರೂ ಅದರ ಮೇಲೆ ಕೂರಲಿಲ್ಲ. ನಾನು ನೋಡುತ್ತಲೇ ನಿಂತಿದ್ದೆ. ಆಮೇಲೆ ಹೋಗಿ ಅದರ ಮೇಲೆ ಕೂತೆ. ಏಳು ಅಂತ ಯಾರೂ ಅನ್ನಲಿಲ್ಲ.